ಎಣ್ಣೆಯ ದಾರಿ ತಿಳಿದು ಫಿಲ್ಟರ್ ಕೂಡಿಸಿ: ಹಳೆಯ ಎಂಜಿನ್‌ಗೆ ಹೆಚ್ಚುವರಿ ಆಯಿಲ್ ಫಿಲ್ಟರ್ ಅಳವಡಿಸುವ ಬಗ್ಗೆ

(ಹಳೆಯ ವಾಹನಗಳ ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯರೇ,

ತಮ್ಮ ಹಳೆಯ ಎಂಜಿನ್‌ಗೆ ಇನ್ನೊಂದು ಆಯಿಲ್ ಫಿಲ್ಟರ್ ಕೂಡಿಸಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಕೇಳುವುದು, ಎಷ್ಟು ಮೈಕ್ರಾನ್‌ನ ಫಿಲ್ಟರ್ ತರಬೇಕು ಎಂದು. ನನ್ನ ಅನುಭವದಲ್ಲಿ ಅದು ಎರಡನೆಯ ಪ್ರಶ್ನೆ. ಆ ಎಂಜಿನ್‌ನೊಳಗೆ ಎಣ್ಣೆ ಎಲ್ಲಿಂದ ಹೊರಟು, ಯಾವ ಯಾವ ತಿರುವುಗಳನ್ನು ದಾಟಿ, ಎಲ್ಲಿ ಒತ್ತಡ ಕಳೆದುಕೊಂಡು ಮತ್ತೆ ಸಂಪ್‌ಗೆ, ಅಂದರೆ ಎಂಜಿನ್‌ನ ತಳದ ಎಣ್ಣೆ ತೊಟ್ಟಿಗೆ, ಬಂದು ಬೀಳುತ್ತದೆ ಎಂಬುದು ಮೊದಲು ತಿಳಿದಿರಬೇಕು. ಈ ದಾರಿಯನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಲು ಬರುವವರೆಗೆ ಸ್ಪ್ಯಾನರ್ ಕೈಗೆತ್ತಿಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಈ ದಿನದ ಮಾತೆಲ್ಲ ಅದರ ಸುತ್ತಲೇ ಇದೆ.

ಹಳೆಯ ಎಂಜಿನ್‌ಗಳಲ್ಲಿ ಫಿಲ್ಟರ್ ಏಕೆ ಇರಲಿಲ್ಲ, ಅಥವಾ ಇದ್ದರೂ ಏಕೆ ಅರೆಬರೆಯಾಗಿತ್ತು ಎಂಬುದನ್ನು ಮೊದಲು ನೋಡೋಣ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಆಯಿಲ್ ಪಂಪೇ ಇಲ್ಲ. ತಿರುಗುವ ಫ್ಲೈವೀಲ್ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಹಾಗೆ ಎರಚಿದ ಎಣ್ಣೆಯ ಒಂದಿಷ್ಟು ಪಾಲು ಒಂದು ಆಲಿಕೆಯಂಥ ಬಾಯಿಗೆ ಬಿದ್ದು, ಕೊಳವೆಯ ಮೂಲಕ ಎಂಜಿನ್‌ನ ಮುಂಭಾಗಕ್ಕೆ ಹರಿದು, ಅಲ್ಲಿಂದ ಹಿಂದಕ್ಕೆ ಬರುವಾಗ ಕನೆಕ್ಟಿಂಗ್ ರಾಡ್‌ಗಳ ಕೆಳಗಿನ ಗುಳಿಗಳನ್ನು ತುಂಬುತ್ತದೆ. ಇಲ್ಲಿ ಒತ್ತಡವೇ ಇಲ್ಲದ ಮೇಲೆ ಎಣ್ಣೆಯನ್ನು ಫಿಲ್ಟರಿನೊಳಗಿನ ಕಾಗದದ ಮೂಲಕ ತಳ್ಳುವವರು ಯಾರು? ಇಂಥ ಎಂಜಿನ್‌ಗೆ ಜಾಲರಿ, ಅಯಸ್ಕಾಂತ ಮತ್ತು ಬೇಗ ಬೇಗ ಎಣ್ಣೆ ಬದಲಿಸುವ ಶಿಸ್ತು, ಇವಿಷ್ಟೇ ಉಪಾಯ. ಪಂಪ್ ಇದ್ದು ಎಣ್ಣೆ ಒತ್ತಡದಲ್ಲಿ ಹರಿಯುವ ಎಂಜಿನ್‌ಗಳು ಬಂದ ಮೇಲೆ ಫಿಲ್ಟರ್‌ಗೆ ದಾರಿಯಾಯಿತು. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಜ್ ಅವರು ಪ್ಯುರೋಲೇಟರ್ ಎಂಬ ಹೆಸರಿನಲ್ಲಿ ಮೋಟಾರು ವಾಹನದ ಆಯಿಲ್ ಫಿಲ್ಟರನ್ನು ರೂಪಿಸಿದರು. ಆದರೂ ಮುಂದಿನ ಹಲವು ದಶಕಗಳ ಕಾಲ ಬಹುತೇಕ ವಾಹನಗಳಲ್ಲಿ ಪಂಪ್ ತಳ್ಳಿದ ಎಣ್ಣೆಯಲ್ಲಿ ಸ್ವಲ್ಪ ಪಾಲು ಮಾತ್ರ ಫಿಲ್ಟರ್‌ಗೆ ಹೋಗುತ್ತಿತ್ತು. ಉಳಿದದ್ದು ಸೋಸದೆಯೇ ಬೇರಿಂಗ್‌ಗೆ ನುಗ್ಗುತ್ತಿತ್ತು. ವಿಲ್ಲಿಸ್ ಜೀಪಿನ ಬಾನೆಟ್ ಎತ್ತಿದರೆ ಕಾಣುವ ಆ ಡಬ್ಬಿಯಂಥ ಫಿಲ್ಟರ್ ಈ ಬಗೆಯದು. ಗಾಳಿಯಿಂದ ತಣಿಯುವ ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್‌ನಲ್ಲಂತೂ ದಶಕಗಳ ಕಾಲ ಅದೂ ಇರಲಿಲ್ಲ. ಎರಡೂವರೆ ಲೀಟರ್ ಎಣ್ಣೆ, ತಳದಲ್ಲೊಂದು ಲೋಹದ ಜಾಲರಿ, ಅಷ್ಟೇ. 1957ರಲ್ಲಿ ಬಂದ ಪುಟ್ಟ ಫಿಯಟ್ 500 ಬೇರೆಯೇ ಜಾಣತನ ತೋರಿತು: ಕ್ರ್ಯಾಂಕ್‌ಶಾಫ್ಟ್‌ನ ತುದಿಯ ಪುಲ್ಲಿಯನ್ನೇ ಟೊಳ್ಳು ಮಾಡಿ, ಅದರೊಳಗೆ ಎಣ್ಣೆ ಗಿರ್ರನೆ ತಿರುಗುವಾಗ ಭಾರದ ಕಣಗಳು ಅಂಚಿಗೆ ಸರಿದು ಅಂಟಿಕೊಳ್ಳುವಂತೆ ಮಾಡಿದರು. ಡೈರಿಯಲ್ಲಿ ಹಾಲನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಕೆನೆ ಬೇರ್ಪಡಿಸುವುದನ್ನು ಕಂಡವರಿಗೆ ಈ ತತ್ವ ಹೊಸದೆನಿಸದು. ನನಗೆ ಇದು ಆ ಕಾಲದ ಅತ್ಯಂತ ಸುಂದರವಾದ ಪರಿಹಾರಗಳಲ್ಲೊಂದು ಎನಿಸುತ್ತದೆ, ಏಕೆಂದರೆ ಅದರಲ್ಲಿ ಕಟ್ಟಿಕೊಳ್ಳುವ ಕಾಗದವೇ ಇಲ್ಲ.

ಇನ್ನು ಕಣಗಳ ಗಾತ್ರದ ವಿಷಯ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಬರಿಗಣ್ಣಿಗೆ ಕಾಣುವ ಅತಿ ಸಣ್ಣ ಕಣ ಸುಮಾರು 40 ಮೈಕ್ರಾನ್. ಎಂಜಿನ್ ಓಡುವಾಗ ಮುಖ್ಯ ಬೇರಿಂಗ್‌ನಲ್ಲಿ ಭಾರ ಹೊರುವ ಎಣ್ಣೆಯ ಪೊರೆ ಅತಿ ತೆಳುವಾಗಿರುವ ಜಾಗದಲ್ಲಿ ಕೆಲವೇ ಮೈಕ್ರಾನ್ ದಪ್ಪವಿರುತ್ತದೆ. ಹೀಗಾಗಿ ಎಂಜಿನ್ನನ್ನು ಹೆಚ್ಚು ಸವೆಸುವುದು ನಮ್ಮ ಬೆರಳಿಗೆ ತಾಗುವ ಮರಳಲ್ಲ. ಆ ಪೊರೆಯ ದಪ್ಪಕ್ಕೆ ಸಮನಾದ, ಒಂದು ಕಡೆ ಶಾಫ್ಟನ್ನೂ ಇನ್ನೊಂದು ಕಡೆ ಬೇರಿಂಗನ್ನೂ ಒಟ್ಟಿಗೆ ಮುಟ್ಟಬಲ್ಲ ಐದು, ಹತ್ತು, ಇಪ್ಪತ್ತು ಮೈಕ್ರಾನ್‌ನ ಕಣ್ಣಿಗೆ ಕಾಣದ ಕಣಗಳು. ಜಾಲರಿ ಇವುಗಳನ್ನು ತಡೆಯುವುದಿಲ್ಲ. ಜಾಲರಿ ಇರುವುದು ಮುರಿದ ಪಿನ್ನು, ಗ್ಯಾಸ್ಕೆಟ್ ಚೂರು ಇಂಥವು ಪಂಪ್‌ಗೆ ಹೋಗದಂತೆ ಕಾಯಲು.

ಫಿಲ್ಟರ್ ಡಬ್ಬಿಯ ಮೇಲೆ ಬರೆದ ಮೈಕ್ರಾನ್ ಸಂಖ್ಯೆಯನ್ನು ಓದುವಾಗಲೂ ಎಚ್ಚರ ಬೇಕು. ಹತ್ತು ಮೈಕ್ರಾನ್ ಎಂದು ಬರೆದಿದ್ದರೆ ಹತ್ತು ಮೈಕ್ರಾನ್‌ನ ಕಣಗಳಲ್ಲಿ ಎಷ್ಟು ಪಾಲನ್ನು ಅದು ಹಿಡಿಯುತ್ತದೆ ಎಂಬುದನ್ನೂ ಹೇಳಬೇಕು. ನೂರು ಕಣಗಳಲ್ಲಿ ಐವತ್ತನ್ನು ಹಿಡಿಯುವ ಫಿಲ್ಟರ್‌ಗೂ ಅದೇ ಸಂಖ್ಯೆ ಬರೆಯುವವರಿದ್ದಾರೆ, ತೊಂಬತ್ತೆಂಟನ್ನು ಹಿಡಿಯುವ ಫಿಲ್ಟರ್‌ಗೂ ಬರೆಯುವವರಿದ್ದಾರೆ. ಬೀಟಾ ಎಂಬ ಅಳತೆ ಇದನ್ನು ಸ್ಪಷ್ಟಪಡಿಸುತ್ತದೆ: ಒಂದು ಗಾತ್ರದ ಕಣಗಳು ಒಳಹೋಗುವಾಗ ಎಷ್ಟಿದ್ದವು, ಹೊರಬರುವಾಗ ಎಷ್ಟು ಉಳಿದವು ಎಂಬ ಅನುಪಾತ ಅದು. ಬೀಟಾ 2 ಎಂದರೆ ಅರ್ಧದಷ್ಟು ಕಣಗಳು ಸಿಕ್ಕಿಬಿದ್ದವು; ಬೀಟಾ 20 ಎಂದರೆ ಶೇ. 95, ಬೀಟಾ 75 ಎಂದರೆ ಶೇ. 98.7. ಈ ಅಂಕಿ ಕೊಡದ ಫಿಲ್ಟರ್‌ನ ಮೈಕ್ರಾನ್ ಸಂಖ್ಯೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಫಿಲ್ಟರ್ ಕೂಡಿಸಲು ಎರಡು ಬಗೆಗಳಿವೆ. ಪಂಪ್‌ನಿಂದ ಹೊರಟ ಎಣ್ಣೆಯೆಲ್ಲವೂ ಫಿಲ್ಟರ್ ದಾಟಿಯೇ ಬೇರಿಂಗ್‌ಗೆ ಹೋಗುವಂತೆ ಮಾಡುವುದು ಫುಲ್ ಫ್ಲೋ. ಒತ್ತಡದ ಗ್ಯಾಲರಿಯಿಂದ, ಅಂದರೆ ಎಂಜಿನ್‌ನೊಳಗೆ ಎಣ್ಣೆ ಒತ್ತಡದಲ್ಲಿ ಹರಿಯುವ ಕಾಲುವೆಯಿಂದ, ಸಣ್ಣದೊಂದು ಕವಲು ತೆಗೆದು, ಹರಿವಿನ ಶೇ. 5ರಿಂದ 10ರಷ್ಟನ್ನು ಅತಿ ಸೂಕ್ಷ್ಮವಾದ ಫಿಲ್ಟರ್ ಮೂಲಕ ಹಾಯಿಸಿ ನೇರವಾಗಿ ಸಂಪ್‌ಗೆ ಬಿಡುವುದು ಬೈಪಾಸ್. ಇಲ್ಲಿ ಒಂದು ಮಾತಿನ ಗೊಂದಲವಿದೆ: ಫುಲ್ ಫ್ಲೋ ಫಿಲ್ಟರ್ ಕಟ್ಟಿಕೊಂಡಾಗ ಅಥವಾ ತಣ್ಣಗಿನ ಎಣ್ಣೆ ಗಟ್ಟಿಯಾಗಿ ಹರಿಯದಿದ್ದಾಗ ಎಣ್ಣೆ ಸೋಸದೆಯೇ ಮುಂದೆ ಹೋಗಲೆಂದು ತೆರೆದುಕೊಳ್ಳುವ ವಾಲ್ವ್‌ಗೂ ಬೈಪಾಸ್ ಎಂದೇ ಹೆಸರು. ಎರಡೂ ಬೇರೆ ಬೇರೆ. ಫುಲ್ ಫ್ಲೋ ಫಿಲ್ಟರ್‌ನಲ್ಲಿ ಅಥವಾ ಅದನ್ನು ಕೂರಿಸುವ ತಲೆಯಲ್ಲಿ, ಎರಡರಲ್ಲಿ ಒಂದು ಕಡೆಯಾದರೂ ಆ ವಾಲ್ವ್ ಇರಲೇಬೇಕು. ಕೊಳೆಯಾದ ಎಣ್ಣೆಯಿಂದ ಬೇರಿಂಗ್ ನಿಧಾನವಾಗಿ ಸವೆಯುತ್ತದೆ. ಎಣ್ಣೆಯೇ ಇಲ್ಲದಿದ್ದರೆ ನಿಮಿಷಗಳಲ್ಲಿ ಕರಗುತ್ತದೆ.

ಹತ್ತರಲ್ಲೊಂದು ಪಾಲನ್ನು ಮಾತ್ರ ಸೋಸಿದರೆ ಏನು ಪ್ರಯೋಜನ ಎಂದು ಬಹಳ ಜನ ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಸಂಪ್‌ನಲ್ಲಿ 4 ಲೀಟರ್ ಎಣ್ಣೆ ಇದೆ, ಬೈಪಾಸ್ ಫಿಲ್ಟರ್ ಮೂಲಕ ನಿಮಿಷಕ್ಕೆ 2 ಲೀಟರ್ ಹಾಯುತ್ತದೆ ಎಂದಿಟ್ಟುಕೊಳ್ಳಿ. ಎರಡು ನಿಮಿಷದಲ್ಲಿ 4 ಲೀಟರ್ ಹಾದುಹೋಯಿತು ನಿಜ; ಆದರೆ ಸೋಸಿದ ಎಣ್ಣೆ ಮತ್ತೆ ಸೋಸದ ಎಣ್ಣೆಯೊಡನೆ ಬೆರೆಯುವುದರಿಂದ ಅಷ್ಟರೊಳಗೆ ಫಿಲ್ಟರನ್ನು ಒಮ್ಮೆಯಾದರೂ ಕಂಡ ಎಣ್ಣೆ ಸುಮಾರು ಶೇ. 63 ಮಾತ್ರ. ಹತ್ತು ನಿಮಿಷ ಓಡಿಸಿದರೆ ಅದು ಶೇ. 99 ದಾಟುತ್ತದೆ. ಅಂದರೆ ಒಂದು ಗಂಟೆಯ ಪ್ರಯಾಣದಲ್ಲಿ ಇಡೀ ಎಣ್ಣೆ ಹಲವು ಬಾರಿ ಆ ಸೂಕ್ಷ್ಮ ಫಿಲ್ಟರಿನ ಒಳಹೊಕ್ಕು ಬಂದಿರುತ್ತದೆ. ಬೇರಿಂಗ್‌ಗೆ ಹೋಗುವ ದಾರಿಯಲ್ಲಿ ಅದು ಕುಳಿತಿಲ್ಲವಾದ್ದರಿಂದ ಹರಿವಿಗೆ ಅಡ್ಡಿಯಾಗುವ ಭಯವಿಲ್ಲ. ಆ ಕಾರಣಕ್ಕೇ ಫುಲ್ ಫ್ಲೋ ಫಿಲ್ಟರ್‌ಗೆ ಸಾಧ್ಯವಾಗದಷ್ಟು ಸಣ್ಣ ಕಣಗಳನ್ನು ಹಿಡಿಯುವ ದಟ್ಟವಾದ ಹೂರಣವನ್ನು ಅದರಲ್ಲಿ ತುಂಬಬಹುದು. ಅದು ಮಾಡಲಾಗದ್ದು ಒಂದೇ: ಈ ಕ್ಷಣ ಒಡೆದ ಚೂರೊಂದನ್ನು ಬೇರಿಂಗ್‌ಗೆ ಹೋಗದಂತೆ ತಡೆಯಲಾರದು.

ಆದ್ದರಿಂದ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಎಂಜಿನ್ ಚೆನ್ನಾಗಿ ಓಡುತ್ತಿದೆ, ಬಿಚ್ಚುವ ಯೋಚನೆ ಸದ್ಯಕ್ಕಿಲ್ಲ ಎಂದಾದರೆ ಬೈಪಾಸ್ ಫಿಲ್ಟರ್ ಕೂಡಿಸಿ. ಅದು ತಪ್ಪಿದರೂ ಎಂಜಿನ್ ಸಾಯದಂತೆ ಅಳವಡಿಸಬಹುದು, ಬೇಡವೆನಿಸಿದಾಗ ಗುರುತೂ ಉಳಿಯದಂತೆ ತೆಗೆಯಬಹುದು. ಫುಲ್ ಫ್ಲೋಗೆ ಬದಲಿಸುವ ಆಸೆ ಇದ್ದರೆ ಎಂಜಿನ್ ಪೂರ್ತಿ ಬಿಚ್ಚುವ ದಿನದವರೆಗೆ ಕಾಯಿರಿ.

ಬೈಪಾಸ್‌ನ ಜೀವಾಳ ಅದರ ಸಣ್ಣ ರಂಧ್ರ. ಕವಲಿನ ದಾರಿಯಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ವ್ಯಾಸದ ರಂಧ್ರವೊಂದು ಹರಿವನ್ನು ಹಿಡಿದಿಡುತ್ತದೆ. ಇದನ್ನು ನಾನು ಕಲಿತದ್ದು ಕಷ್ಟದಿಂದ. ಒಂದು ನಾಲ್ಕು ಸಿಲಿಂಡರ್ ಎಂಜಿನ್‌ಗೆ ಆಯಿಲ್ ಪ್ರೆಶರ್ ಸ್ವಿಚ್ ಇರುವ ಜಾಗದಿಂದ ಕವಲು ತೆಗೆದು ಫಿಲ್ಟರ್ ಕೂರಿಸಿದ್ದೆ. ರಂಧ್ರವಿರುವ ಫಿಟ್ಟಿಂಗ್ ಎಂದು ನಂಬಿ ಹಾಕಿದ್ದು ವಾಸ್ತವದಲ್ಲಿ ಪೂರ್ತಿ ತೆರೆದ ಫಿಟ್ಟಿಂಗ್ ಆಗಿತ್ತು. ಊದಿ ನೋಡುವ, ತಂತಿ ತೂರಿಸಿ ನೋಡುವ ಕೆಲಸ ಮಾಡಿರಲಿಲ್ಲ. ತಣ್ಣಗಿದ್ದಾಗ ಒತ್ತಡದ ಗೇಜ್ ಸರಿಯಾಗಿಯೇ ತೋರಿಸಿತು. ಅರ್ಧ ಗಂಟೆ ಓಡಿಸಿ, ಎಣ್ಣೆ ಚೆನ್ನಾಗಿ ಕಾದು ನೀರಾದ ಮೇಲೆ, ಒಂದು ಕಡೆ ನಿಲ್ಲಿಸಿದಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕತೊಡಗಿತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಆರುತ್ತದೆ, ಬಿಟ್ಟರೆ ಮತ್ತೆ ಮಿಣುಕುತ್ತದೆ. ಬೇರಿಂಗ್‌ಗೆ ಹೋಗಬೇಕಾದ ಎಣ್ಣೆ ಸುಲಭದ ದಾರಿ ಹಿಡಿದು ಫಿಲ್ಟರ್ ಮೂಲಕ ಸಂಪ್‌ಗೆ ಓಡಿಹೋಗುತ್ತಿತ್ತು. ಅಲ್ಲಿಯೇ ಎಂಜಿನ್ ನಿಲ್ಲಿಸಿ, ಕವಲನ್ನು ಮುಚ್ಚಿ ಮನೆಗೆ ತಂದೆ. ರಂಧ್ರದ ವ್ಯಾಸ ಇಮ್ಮಡಿಯಾದರೆ ಹರಿವು ಹೆಚ್ಚೂಕಡಿಮೆ ನಾಲ್ಮಡಿಯಾಗುತ್ತದೆ ಎಂಬ ಲೆಕ್ಕ ಅಂದಿನಿಂದ ನನ್ನ ತಲೆಯಲ್ಲಿ ಕುಳಿತಿದೆ. ಈಗ ಪ್ರತಿ ಫಿಟ್ಟಿಂಗನ್ನೂ ಬೆಳಕಿಗೆ ಹಿಡಿದು, ಒಂದೂವರೆ ಮಿಲಿಮೀಟರಿನ ಡ್ರಿಲ್ ಬಿಟ್‌ನ ಹಿಂಬದಿಯನ್ನು ರಂಧ್ರಕ್ಕೆ ತೂರಿಸಿ ನೋಡಿದ ಮೇಲೆಯೇ ಹಾಕುತ್ತೇನೆ.

ಆ ರಂಧ್ರ ಎಂಜಿನ್ ಬ್ಲಾಕಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಹಾಗಿದ್ದಾಗ ಹೋಸ್ ಒಡೆದರೂ, ಡಬ್ಬಿ ಸೋರಿದರೂ, ಎಣ್ಣೆ ಒಂದೂವರೆ ಮಿಲಿಮೀಟರ್ ರಂಧ್ರದಿಂದಷ್ಟೇ ಹೊರಬರುತ್ತದೆ. ದೀಪ ನೋಡಿ ಗಾಡಿ ನಿಲ್ಲಿಸಲು ಸಮಯ ಸಿಗುತ್ತದೆ. ಇದಕ್ಕೊಂದು ಕೊರತೆಯೂ ಇದೆ. ಫಿಲ್ಟರಿಗಿಂತ ಮೊದಲೇ ಇರುವ ರಂಧ್ರ ಕಸದಿಂದ ಕಟ್ಟಿಕೊಳ್ಳಬಹುದು, ಆಗ ಫಿಲ್ಟರ್ ಸದ್ದಿಲ್ಲದೆ ಕೆಲಸ ನಿಲ್ಲಿಸುತ್ತದೆ. ಇದನ್ನು ಪತ್ತೆ ಹಚ್ಚಲು ಉಪಕರಣವೇನೂ ಬೇಡ: ಇಪ್ಪತ್ತು ನಿಮಿಷ ಓಡಿಸಿ ಬಂದು ಫಿಲ್ಟರ್ ಡಬ್ಬಿಯ ಹತ್ತಿರ ಎಚ್ಚರದಿಂದ ಕೈ ಹಿಡಿಯಿರಿ. ಎಂಜಿನ್ ಬಿಸಿಯಾಗಿದ್ದೂ ಡಬ್ಬಿ ತಣ್ಣಗಿದ್ದರೆ ಅದರೊಳಗೆ ಎಣ್ಣೆ ಹರಿಯುತ್ತಿಲ್ಲ. ಮರಳಿ ಬರುವ ಕೊಳವೆ ಮಾತ್ರ ಅಗಲವಾಗಿರಲಿ ಮತ್ತು ಒತ್ತಡವಿಲ್ಲದ ಜಾಗಕ್ಕೆ, ಸಂಪ್‌ಗೆ ಅಥವಾ ಟೈಮಿಂಗ್ ಕವರ್‌ನೊಳಕ್ಕೆ, ಬೀಳಲಿ.

ಫುಲ್ ಫ್ಲೋ ಬದಲಾವಣೆಗೆ ಬೀಟಲ್ ಎಂಜಿನ್ ಒಳ್ಳೆಯ ಪಾಠ. ಅಲ್ಲಿ ಪಂಪ್‌ನ ಮುಚ್ಚಳ ಬದಲಿಸಿ ಎಣ್ಣೆ ಹೊರಬರುವ ಬಾಯಿ ಇರುವ ಮುಚ್ಚಳ ಹಾಕುತ್ತಾರೆ. ಹೊರಬಂದ ಎಣ್ಣೆ ಫಿಲ್ಟರ್ ದಾಟಿ, ಕೇಸ್‌ಗೆ (ಎಂಜಿನ್‌ನ ಹೊರಕವಚಕ್ಕೆ) ಹೊಸದಾಗಿ ಕೊರೆದು ಥ್ರೆಡ್ ಹಾಕಿದ ರಂಧ್ರದ ಮೂಲಕ ಮುಖ್ಯ ಗ್ಯಾಲರಿಗೆ ಸೇರುತ್ತದೆ. ಪಂಪ್‌ನಿಂದ ಕೇಸ್‌ನೊಳಗೆ ಹೋಗುತ್ತಿದ್ದ ಹಳೆಯ ದಾರಿಯನ್ನು ಮುಚ್ಚಲೇಬೇಕು. ಮುಚ್ಚದಿದ್ದರೆ ಎಣ್ಣೆಗೆ ಎರಡು ದಾರಿ ಸಿಕ್ಕಿ, ಅಡ್ಡಿಯಿಲ್ಲದ ಹಳೆಯ ದಾರಿಯನ್ನೇ ಅದು ಹಿಡಿಯುತ್ತದೆ. ಫಿಲ್ಟರ್ ಅಲಂಕಾರಕ್ಕೆ ಉಳಿಯುತ್ತದೆ. ಇನ್ನೊಂದು ಸೂಕ್ಷ್ಮ ಇಲ್ಲಿದೆ. ಒತ್ತಡ ಮಿತಿಮೀರದಂತೆ ಕಾಯುವ ರಿಲೀಫ್ ವಾಲ್ವ್ ಕೇಸ್‌ನೊಳಗಿದೆ, ನಾವು ಕೂಡಿಸಿದ ಫಿಲ್ಟರ್ ಅದಕ್ಕಿಂತ ಮೊದಲು ಬರುತ್ತದೆ. ಆದ್ದರಿಂದ ತಣ್ಣಗಿನ ಎಣ್ಣೆಯಲ್ಲಿ ಎಂಜಿನ್ ಚಾಲೂ ಮಾಡಿ ಒಮ್ಮೆಲೇ ರೇಸ್ ಕೊಟ್ಟರೆ ಪಂಪ್‌ನ ಪೂರ್ತಿ ರಭಸವನ್ನು ಫಿಲ್ಟರ್ ಡಬ್ಬಿಯೇ ತಾಳಿಕೊಳ್ಳಬೇಕಾಗುತ್ತದೆ. ತಳ ಉಬ್ಬಿದ ಫಿಲ್ಟರ್‌ಗಳನ್ನು ಕಂಡವರಿಗೆ ಇದರ ಅರ್ಥವಾಗುತ್ತದೆ. ಎಣ್ಣೆಯ ದಾರಿಯನ್ನು ಮೊದಲು ಬರೆದುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇಂಥ ಸಂಗತಿಗಳಿಗಾಗಿ. ಕೊರೆಯುವಾಗ ಬೀಳುವ ಲೋಹದ ಪುಡಿಯ ಬಗ್ಗೆ ಬೇರೆ ಹೇಳಬೇಕಿಲ್ಲ: ಎಂಜಿನ್ ಬಿಚ್ಚದೆ ಗ್ಯಾಲರಿಗೆ ಡ್ರಿಲ್ ಹಾಕುವವನು, ತಡೆಯಲು ಹೊರಟ ಕಸವನ್ನು ತಾನೇ ಬೇರಿಂಗ್‌ನ ಬಾಯಿಗೆ ಹಾಕಿದಂತೆ.

ಥ್ರೆಡ್‌ಗಳ ಬಗ್ಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅನಾಹುತಗಳು ಇಲ್ಲಿಂದಲೇ ಹೆಚ್ಚು ಬರುತ್ತವೆ. ತಿರುಗಿಸಿ ಕೂರಿಸುವ ಫಿಲ್ಟರ್‌ಗಳಲ್ಲಿ ಹೆಚ್ಚಾಗಿ ಕಾಣುವ ಎರಡು ಅಳತೆಗಳೆಂದರೆ ಇಂಚಿಗೆ 16 ಎಳೆಗಳಿರುವ ಮುಕ್ಕಾಲು ಇಂಚಿನದು, ಮತ್ತು ಒಂದೂವರೆ ಮಿಲಿಮೀಟರ್ ಅಂತರದ ಎಳೆಗಳಿರುವ 20 ಮಿಲಿಮೀಟರಿನದು. ಮುಕ್ಕಾಲು ಇಂಚು ಎಂದರೆ 19.05 ಮಿಲಿಮೀಟರ್, ಎಳೆಗಳ ಅಂತರವೂ ಬಹಳ ಹತ್ತಿರ. ಹೀಗಾಗಿ 20 ಮಿಲಿಮೀಟರಿನ ಫಿಲ್ಟರ್ ಮುಕ್ಕಾಲು ಇಂಚಿನ ಮೊಳೆಯ ಮೇಲೆ ತಿರುಗಿ ಕೂತಂತೆಯೇ ಕಾಣುತ್ತದೆ, ರಬ್ಬರ್ ರಿಂಗ್ ಒತ್ತಿದಾಗ ಬಿಗಿಯಾದಂತೆಯೂ ಅನಿಸುತ್ತದೆ. ಆದರೆ ಎಳೆಗಳು ಒಂದಕ್ಕೊಂದು ಕಚ್ಚಿರುವುದು ತುದಿಯಲ್ಲಿ ಮಾತ್ರ. ರಬ್ಬರ್ ರಿಂಗ್‌ನ ವ್ಯಾಸ 65 ಮಿಲಿಮೀಟರ್ ಇದ್ದು ಒತ್ತಡ 5 ಬಾರ್ ಇದ್ದರೆ, ಆ ಡಬ್ಬಿಯನ್ನು ಹೊರದಬ್ಬುವ ಬಲ ಸುಮಾರು 170 ಕಿಲೋ ತೂಕಕ್ಕೆ ಸಮ. ತುದಿ ಕಚ್ಚಿದ ಎಳೆಗಳು ಅದನ್ನು ತಡೆಯಲಾರವು. ಕೈಯಲ್ಲಿ ಹಿಡಿದು ಅಲುಗಿಸಿ ನೋಡಿ. ಸರಿಯಾದ ಫಿಲ್ಟರ್ ರಬ್ಬರ್ ತಾಗುವ ಮೊದಲೂ ಹೆಚ್ಚು ಅಲುಗುವುದಿಲ್ಲ. ಪ್ರೆಶರ್ ಸ್ವಿಚ್‌ನ ಜಾಗದಲ್ಲೂ ಇದೇ ತೊಂದರೆ: ಅಮೆರಿಕದ ಅಳತೆಯ ಎಂಟನೇ ಒಂದು ಇಂಚಿನ ಪೈಪ್ ಥ್ರೆಡ್‌ನಲ್ಲಿ ಇಂಚಿಗೆ 27 ಎಳೆಗಳು, ಬ್ರಿಟಿಷ್ ಅಳತೆಯದರಲ್ಲಿ 28. ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾದರೆ ಬಲ ಹಾಕಬೇಡಿ, ಹೊರತೆಗೆದು ಥ್ರೆಡ್ ಗೇಜ್ ಇಟ್ಟು ನೋಡಿ. ಹಗುರ ಲೋಹದ ಕೇಸ್‌ಗೆ ಮೊನೆಯಾಗುತ್ತ ಹೋಗುವ ಥ್ರೆಡ್‌ನ ಫಿಟ್ಟಿಂಗನ್ನು ಬಿಗಿದಷ್ಟೂ ಅದು ಆಪಿನಂತೆ ಕೇಸನ್ನು ಸೀಳುತ್ತದೆ. ಅಂಥಲ್ಲಿ ನೇರ ಥ್ರೆಡ್ ಮತ್ತು ತಾಮ್ರದ ವಾಷರ್ ಲೇಸು.

ಕೊಳವೆಗಳ ವಿಷಯ ಚಿಕ್ಕದು. ತಾಮ್ರದ ಕೊಳವೆ ನೋಡಲು ಆ ಕಾಲದ್ದೇ ಎನಿಸುತ್ತದೆ, ಆದರೆ ಎಂಜಿನ್‌ನ ನಡುಕಕ್ಕೆ ದಿನ ಕಳೆದಂತೆ ಪೆಡಸಾಗಿ ಫಿಟ್ಟಿಂಗ್‌ನ ಬುಡದಲ್ಲಿ ಬಿರುಕು ಬಿಡುತ್ತದೆ. ಎಂಜಿನ್‌ಗೂ ಚಾಸಿಗೂ ನಡುವೆ ಎಣ್ಣೆ ಮತ್ತು ಬಿಸಿ ತಾಳುವ ಹೋಸ್ ಬಳಸಿ; ಎಕ್ಸಾಸ್ಟ್‌ನಿಂದ ದೂರವಿರಲಿ, ಎಲ್ಲಿಯೂ ಉಜ್ಜದಿರಲಿ. ಫುಲ್ ಫ್ಲೋ ಆದರೆ ಹೋಸ್‌ನ ಒಳವ್ಯಾಸ ಮೂಲ ಗ್ಯಾಲರಿಗಿಂತ ಕಿರಿದಾಗಬಾರದು.

ಇಷ್ಟೆಲ್ಲ ಮಾಡುವ ಮೊದಲು ಸಂಪ್ ಬಿಚ್ಚಿ ತೊಳೆಯುವುದನ್ನು ಮರೆಯಬೇಡಿ. ಫಿಲ್ಟರ್ ಇಲ್ಲದ ಕಾಲದಲ್ಲಿ ಡಿಟರ್ಜೆಂಟ್ ಇಲ್ಲದ ಎಣ್ಣೆ ಬಳಸುತ್ತಿದ್ದರು. ಕೊಳೆ ತೇಲದೆ ತಳಕ್ಕಿಳಿದು ಮಡ್ಡಿಯಾಗಿ ಕೂರಲಿ ಎಂಬುದೇ ಆ ಏರ್ಪಾಡಿನ ಉದ್ದೇಶವಾಗಿತ್ತು. ಇಂದಿನ ಡಿಟರ್ಜೆಂಟ್ ಎಣ್ಣೆ ಇದಕ್ಕೆ ವಿರುದ್ಧ: ಕೊಳೆಯನ್ನು ತೇಲಿಸಿಕೊಂಡು ಫಿಲ್ಟರ್‌ವರೆಗೆ ಹೊತ್ತೊಯ್ಯುತ್ತದೆ. ಫಿಲ್ಟರ್ ಕೂಡಿಸಿದ ಮೇಲೆ ಈ ಎಣ್ಣೆಯೇ ಸರಿ. ಆದರೆ ದಶಕಗಳ ಮಡ್ಡಿ ಇರುವ ಎಂಜಿನ್‌ಗೆ ಅದನ್ನು ಹಠಾತ್ತನೆ ಸುರಿದರೆ, ಸಡಿಲಗೊಂಡ ಮಡ್ಡಿಯ ಹೆಪ್ಪುಗಳು ಪಂಪ್‌ನ ಜಾಲರಿಯನ್ನೇ ಮುಚ್ಚಿಬಿಡಬಹುದು.

ಉಪನ್ಯಾಸದ ನಂತರ ಒಬ್ಬ ಹಿರಿಯರು, ಫಿಲ್ಟರ್ ಹಾಕಿದ ಮೇಲೆ ಎಣ್ಣೆ ಬದಲಿಸುವ ಅಂತರವನ್ನು ಹೆಚ್ಚಿಸಬಹುದೇ ಎಂದು ಕೇಳಿದರು. ನಾನು ಬೇಡ ಎಂದೆ. ಫಿಲ್ಟರ್ ಹಿಡಿಯುವುದು ಕಣಗಳನ್ನು ಮಾತ್ರ. ಎಣ್ಣೆಗೆ ಬೆರೆತ ಪೆಟ್ರೋಲು ಮತ್ತು ಉರಿಯುವಿಕೆಯಿಂದ ಹುಟ್ಟುವ ಆಮ್ಲಗಳನ್ನು ಅದು ತೆಗೆಯದು. ಅಪರೂಪಕ್ಕೆ, ಅದೂ ಸ್ವಲ್ಪ ದೂರ ಮಾತ್ರ ಓಡುವ ಹಳೆಯ ವಾಹನಗಳಲ್ಲಿ ಇವೇ ಹೆಚ್ಚು. ಜೊತೆಗೆ, ಒಳಬರುವ ಧೂಳಿನ ದೊಡ್ಡ ಪಾಲು ಗಾಳಿಯ ಮೂಲಕವೇ ಬರುವುದರಿಂದ ಏರ್ ಫಿಲ್ಟರ್ ಸರಿಯಿಲ್ಲದ ಎಂಜಿನ್‌ಗೆ ಆಯಿಲ್ ಫಿಲ್ಟರ್ ಕೂಡಿಸುವುದು ತೂತು ಮಡಕೆಗೆ ನೀರು ಹೊಯ್ದ ಹಾಗೆ. ಇನ್ನೊಬ್ಬರು, ಡ್ರೇನ್ ಬೋಲ್ಟ್‌ಗೆ ಅಯಸ್ಕಾಂತ ಹಾಕಿದರೆ ಸಾಲದೇ ಎಂದರು. ಅಯಸ್ಕಾಂತ ಹಾಕುವುದು ಒಳ್ಳೆಯದೇ, ಆದರೆ ಅದಕ್ಕೆ ಸಿಕ್ಕುವುದು ಕಬ್ಬಿಣ ಮತ್ತು ಉಕ್ಕು ಮಾತ್ರ. ಬೇರಿಂಗ್‌ನ ಬಿಳಿಲೋಹ, ಕಂಚು, ಅಲ್ಯುಮಿನಿಯಂ, ಮರಳಿನ ಧೂಳು ಯಾವುದೂ ಅದಕ್ಕೆ ಅಂಟುವುದಿಲ್ಲ.

ಕೆಲಸ ಮುಗಿದ ಮೇಲೆ ಮೊದಲ ಚಾಲನೆಗೆ ಅವಸರ ಬೇಡ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಗೇಜ್‌ನಲ್ಲಿ ಒತ್ತಡ ಕಾಣುವವರೆಗೆ ಸ್ಟಾರ್ಟರ್‌ನಲ್ಲಿ ತಿರುಗಿಸಿ. ಖಾಲಿ ಡಬ್ಬಿ ಮತ್ತು ಹೋಸ್‌ಗಳು ತುಂಬಿಕೊಳ್ಳುವವರೆಗೆ ಬೇರಿಂಗ್ ಮೇಲೆ ಭಾರ ಬೀಳುವುದಿಲ್ಲ. ಆಮೇಲೆ ಐದು ನಿಮಿಷ ನಿಧಾನವಾಗಿ ಓಡಿಸಿ, ನಿಲ್ಲಿಸಿ, ಎಣ್ಣೆ ಇಳಿದ ಮೇಲೆ ಡಿಪ್‌ಸ್ಟಿಕ್ ನೋಡಿ, ಫಿಲ್ಟರ್ ಕುಡಿದಷ್ಟು ಎಣ್ಣೆಯನ್ನು ಮತ್ತೆ ತುಂಬಿ. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಒತ್ತಡ ಎಷ್ಟಿತ್ತು ಎಂದು ಕೆಲಸಕ್ಕೆ ಮೊದಲೇ ಬರೆದಿಟ್ಟುಕೊಂಡಿದ್ದರೆ, ಈಗ ಅದರೊಡನೆ ಹೋಲಿಸಬಹುದು. ಬರೆದಿಟ್ಟುಕೊಳ್ಳದವರಿಗೆ ತಾವು ಏನು ಬದಲಿಸಿದೆವು ಎಂಬುದೇ ತಿಳಿಯುವುದಿಲ್ಲ.

ಕೊನೆಯದಾಗಿ, ಈ ಬಿಳಿ ತಟ್ಟೆಯಲ್ಲಿ ತಂದಿರುವುದನ್ನು ಹತ್ತಿರ ಬಂದು ನೋಡಿ ಎಂದು ಸಭಿಕರನ್ನು ಕರೆದೆ. ಅದು ನನ್ನ ಎಂಜಿನ್‌ನ ಹಳೆಯ ಫಿಲ್ಟರ್. ಗರಗಸ ಹಾಕಿದರೆ ಅದರ ಪುಡಿಯೇ ಬೆರೆಯುತ್ತದೆ, ಆದ್ದರಿಂದ ಕತ್ತರಿಸುವ ಚಕ್ರವಿರುವ ಕಟ್ಟರ್‌ನಿಂದ ಡಬ್ಬಿಯ ಅಂಚನ್ನು ಬಿಡಿಸಿ, ಕಾಗದದ ಮಡಿಕೆಗಳನ್ನು ಹಿಂಡಿ, ಬಿಡಿಸಿ ಹರಡಿದ್ದೇನೆ. ಕಪ್ಪು ಮಸಿ ಎಲ್ಲ ಕಡೆ ಇದೆ, ಅದು ಸಹಜ. ಟಾರ್ಚನ್ನು ಓರೆಯಾಗಿ ಹಿಡಿದರೆ ಮಡಿಕೆಯ ಆಳದಲ್ಲಿ ಅಲ್ಲಲ್ಲಿ ಸೂಜಿಮೊನೆಯಷ್ಟು ಹೊಳಪು ಕಾಣುತ್ತದೆ. ಅಯಸ್ಕಾಂತಕ್ಕೆ ಬಂದದ್ದು ಉಕ್ಕು. ಬಾರದೆ ಉಳಿದ ಹೊನ್ನಿನ ಬಣ್ಣದ ಚೂರು ಕಂಚಿನ ಬುಷ್‌ನದು. ಉಗುರಿನಿಂದ ಒತ್ತಿದರೆ ಚಪ್ಪಟೆಯಾಗುವ ಬೂದು ಬಣ್ಣದ ಚೂರು ಬೇರಿಂಗ್‌ನದು. ಈ ಬೂದು ಚೂರುಗಳು ಹಿಂದಿನ ಫಿಲ್ಟರ್‌ನಲ್ಲಿ ಎರಡು ಸಿಕ್ಕಿದ್ದವು, ಇದರಲ್ಲಿ ಏಳು ಸಿಕ್ಕಿವೆ. ಗೇಜ್ ಇನ್ನೂ ಯಾವ ವ್ಯತ್ಯಾಸವನ್ನೂ ತೋರಿಸಿಲ್ಲ. ಮುಂದಿನ ತಿಂಗಳು ಸಂಪ್ ಇಳಿಸಿ ಬೇರಿಂಗ್ ಕ್ಯಾಪ್‌ಗಳನ್ನು ಬಿಚ್ಚಿ ನೋಡುವವನಿದ್ದೇನೆ.